ಪವರ್ ಹಾಕ್ಲಾ ಸಾರ್?

ಪೆಟ್ರೋಲ್ ಬಂಕಿನಲ್ಲಿ ಯೋಚನೆ ಮಾಡಲು ಯಾರೂ ಅವಕಾಶ ಕೊಡುವುದಿಲ್ಲ. ಹಿಂದೆ ನಿಂತ ಆಟೋದವನು ಹಾರ್ನ್ ಹೊಡೆಯುತ್ತಿರುತ್ತಾನೆ, ಪಕ್ಕದ ಸಾಲಿನಿಂದ ಸ್ಕೂಟರೊಂದು ಮೂತಿ ತೂರಿಸುತ್ತಿರುತ್ತದೆ, ಟ್ಯಾಂಕಿನ ಮುಚ್ಚಳ ತೆಗೆಯುವ ಹಿಡಿ ಸೀಟಿನ ಬಲಕ್ಕಿತ್ತೋ ಎಡಕ್ಕಿತ್ತೋ ಎಂದು ನೀವು ತಡಕಾಡುತ್ತಿರುತ್ತೀರಿ. ಸರಿಯಾಗಿ ಅದೇ ಹೊತ್ತಿಗೆ ಕಿಟಕಿಗೆ ಬಾಗಿದ ಹುಡುಗ ಕೇಳುತ್ತಾನೆ: “ಪವರ್ ಹಾಕ್ಲಾ ಸಾರ್, ನಾರ್ಮಲ್ಲಾ?”

ಪ್ರಶ್ನೆ ಸಣ್ಣದು, ಧಾಟಿ ಸಣ್ಣದಲ್ಲ. ಮೊದಲನೆಯದನ್ನು ಹೇಳುವಾಗ ದನಿ ಮೇಲಿರುತ್ತದೆ, ಎರಡನೆಯದಕ್ಕೆ ಬರುವಷ್ಟರಲ್ಲಿ ಇಳಿದಿರುತ್ತದೆ. ಹಿಂದಿನ ಸೀಟಿನಲ್ಲಿ ಮಾವನವರು ಕೂತಿದ್ದರಂತೂ ಕಷ್ಟ. ‘ನಾರ್ಮಲ್ ಸಾಕಪ್ಪ’ ಎಂದುಬಿಟ್ಟರೆ, ಮಗಳನ್ನು ಕೊಡುವ ಮುಂಚೆ ಇನ್ನೂ ನಾಲ್ಕು ಕಡೆ ವಿಚಾರಿಸಬೇಕಿತ್ತು ಎಂದು ಅವರಿಗೆ ಈಗ ಅನ್ನಿಸೀತೇ? ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚು, ಅಷ್ಟೇ ತಾನೆ. ಆ ‘ಅಷ್ಟೇ ತಾನೆ’ ಎಂಬ ಎರಡು ಪದದ ಮೇಲೆಯೇ ಜಗತ್ತಿನ ಪ್ರೀಮಿಯಂ ಪೆಟ್ರೋಲ್ ವ್ಯಾಪಾರದ ಬಹುಭಾಗ ನಿಂತಿದೆ ಎಂಬುದು ನನ್ನ ಗುಮಾನಿ.

ನಮ್ಮ ರಸ್ತೆಯಲ್ಲಿ ಈ ವಿಷಯಕ್ಕೆ ಎರಡು ಪಂಥಗಳಿವೆ. ಕೊನೆಯ ಮನೆಯ ಸಾಫ್ಟ್‌ವೇರ್ ಹುಡುಗ ತನ್ನ ಪುಟ್ಟ ಹ್ಯಾಚ್‌ಬ್ಯಾಕ್‌ಗೆ ಪ್ರೀಮಿಯಂ ಬಿಟ್ಟರೆ ಬೇರೆ ಹಾಕಿಸುವುದಿಲ್ಲ. “ಪಿಕಪ್ಪೇ ಬೇರೆ ಅಂಕಲ್, ಇಂಜಿನ್ ಎಷ್ಟು ಸ್ಮೂತ್ ಆಗತ್ತೆ ಗೊತ್ತಾ” ಎನ್ನುತ್ತಾನೆ. ಅವನು ಓಡಾಡುವುದು ಸಿಲ್ಕ್ ಬೋರ್ಡ್ ದಾರಿಯಲ್ಲಿ. ಅಲ್ಲಿ ಪಿಕಪ್ಪನ್ನು ಎಲ್ಲಿ ತೋರಿಸುತ್ತಾನೆ ಎಂದು ನಾನು ಕೇಳಿಲ್ಲ, ಚೆನ್ನಾಗಿರುವುದಿಲ್ಲ. ಎದುರು ಮನೆಯ ನಿವೃತ್ತ ಬ್ಯಾಂಕ್ ಅಧಿಕಾರಿಗಳದು ಇನ್ನೊಂದು ರೀತಿ. ಅವರ ಬಳಿ ಒಂದು ಡೈರಿ ಇದೆ. ಹಾಕಿಸಿದ ಲೀಟರು, ಓಡಿದ ಕಿಲೋಮೀಟರು, ಕೊನೆಯ ಕಲಮಿನಲ್ಲಿ ಮೈಲೇಜು, ಎರಡು ದಶಮಾಂಶ ಸ್ಥಾನದವರೆಗೆ. ಪ್ರೀಮಿಯಂ ಹಾಕಿಸಿದಾಗ ಮೈಲೇಜು ಜಾಸ್ತಿ ಬಂದದ್ದನ್ನು ಅವರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಲೆಕ್ಕದಲ್ಲಿ ತಪ್ಪಿಲ್ಲ. ಅವರ ಮನೆಯವರು ಮಾತ್ರ ಕಾಫಿ ಲೋಟ ಇಡುತ್ತ ಮೆಲ್ಲಗೆ ಸೇರಿಸಿದರು: “ದುಬಾರಿ ಪೆಟ್ರೋಲ್ ಹಾಕಿಸಿದ ದಿನ ಇವರು ನಲವತ್ತು ದಾಟೋದೇ ಇಲ್ಲ. ಎಸಿನೂ ಹಾಕಲ್ಲ.” ಪ್ರೀಮಿಯಂ ಪೆಟ್ರೋಲಿನ ಮೈಲೇಜಿನ ಬಗ್ಗೆ ಇದಕ್ಕಿಂತ ಒಳ್ಳೆಯ ಸಂಶೋಧನೆಯನ್ನು ನಾನು ಓದಿಲ್ಲ.

ಇಷ್ಟಕ್ಕೂ ದುಬಾರಿ ಪೆಟ್ರೋಲಿನಲ್ಲಿ ಹೆಚ್ಚಿಗೆ ಇರುವುದೇನು? ಶಕ್ತಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಆ ಬ್ರ್ಯಾಂಡುಗಳ ಹೆಸರುಗಳೂ ಹಾಗೆಯೇ: ಪವರ್, ಸ್ಪೀಡ್, ವಿ-ಪವರ್. ಆದರೆ 91 ಆಕ್ಟೇನಿನ ಒಂದು ಲೀಟರಿನಲ್ಲೂ 95 ಆಕ್ಟೇನಿನ ಒಂದು ಲೀಟರಿನಲ್ಲೂ ಇರುವ ಶಾಖ ಹೆಚ್ಚುಕಡಿಮೆ ಒಂದೇ. ಆಕ್ಟೇನ್ ಸಂಖ್ಯೆ ಅಳೆಯುವುದು ಪೆಟ್ರೋಲಿನ ಬಲವನ್ನಲ್ಲ, ಅದರ ತಾಳ್ಮೆಯನ್ನು.

ಮದುವೆಮನೆಯ ಪಂಕ್ತಿ ನೆನೆಸಿಕೊಳ್ಳಿ. ಎಲೆಗೆ ಪಾಯಸ, ಕೋಸಂಬರಿ, ಪಲ್ಯ ಬಿದ್ದಾಗಿದೆ. ಅನ್ನ ಬಂದಿದೆ, ತೊವ್ವೆ ಬಂದಿದೆ. ತುಪ್ಪದವರು ಇನ್ನೂ ಆ ತುದಿಯಲ್ಲಿದ್ದಾರೆ. ಹಿರಿಯರು ಯಾರಾದರೂ ‘ಗೋವಿಂದಾ’ ಅಂದ ಮೇಲೆ ಎಲ್ಲರೂ ಒಟ್ಟಿಗೆ ಕೈಹಾಕಬೇಕು ಎಂಬುದು ಕ್ರಮ. ಮೂಲೆಯಲ್ಲಿ ಕೂತ ಒಬ್ಬ ಮಾತ್ರ ತಡೆಯಲಾರದೆ, ಯಾರೂ ನೋಡುತ್ತಿಲ್ಲವೆಂದುಕೊಂಡು, ಕೋಸಂಬರಿಗೆ ಕೈಹಾಕಿಬಿಡುತ್ತಾನೆ. ಆಕ್ಟೇನ್ ಕಡಿಮೆಯಿರುವ ಪೆಟ್ರೋಲ್ ಎಂದರೆ ಅವನೇ. ಇಂಜಿನ್ನಿನೊಳಗೆ ಪಿಸ್ಟನ್ ಮೇಲೇರುತ್ತ ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಷ್ಟೂ ಅದು ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದ ಮೇಲೆ ಬೆಂಕಿ ಅಲ್ಲಿಂದ ಕ್ರಮವಾಗಿ ಹರಡಿಕೊಂಡು ಹೋಗಬೇಕು. ಆದರೆ ದೂರದ ಮೂಲೆಯಲ್ಲಿರುವ ಮಿಶ್ರಣ, ಬೆಂಕಿ ತನ್ನ ಬಳಿ ಬರುವ ಮೊದಲೇ, ಬಿಸಿ ತಾಳಲಾರದೆ ತಾನೇ ಭಗ್ಗೆಂದರೆ ಸಿಲಿಂಡರಿನ ಗೋಡೆಗೆ ಒತ್ತಡದ ಅಲೆಗಳು ಬಡಿಯುತ್ತವೆ. ನಿಮಿಷಕ್ಕೆ 3000 ಸುತ್ತು ತಿರುಗುವ ಇಂಜಿನ್ನಿನ ಪ್ರತಿ ಸಿಲಿಂಡರಿನಲ್ಲೂ ಸೆಕೆಂಡಿಗೆ 25 ಸಲ ಕಿಡಿ ಹಾರುತ್ತದೆ. ಹಾಗಾಗಿ ಆ ಬಡಿತ ಒಂದೊಂದಾಗಿ ಕೇಳುವುದಿಲ್ಲ, ಕಟಕಟ ಎಂಬ ಸಾಲಾಗಿ ಕೇಳುತ್ತದೆ. ಮೆಕ್ಯಾನಿಕ್‌ಗಳು ಅದನ್ನೇ ನಾಕಿಂಗ್ ಎನ್ನುವುದು. ತುಂಬಿದ ಅಂಬಾಸಿಡರಿನಲ್ಲಿ ಚಾರ್ಮಾಡಿ ಹತ್ತುವಾಗ, ಗೇರು ಇಳಿಸಲು ಡ್ರೈವರ್ ಸೋಮಾರಿತನ ಮಾಡಿದರೆ, ಬಾನೆಟ್ಟಿನಡಿಯಿಂದ ಬರುತ್ತಿದ್ದ ಆ ಸದ್ದನ್ನು ನನ್ನ ವಯಸ್ಸಿನವರು ಕೇಳಿರುತ್ತೀರಿ.

ಈ ಕಟಕಟಕ್ಕೆ ಮದ್ದು ಹುಡುಕಿದ ಕಥೆ ಇದೆಯಲ್ಲ, ಅದಕ್ಕಾಗಿ ಸ್ವಲ್ಪ ದಾರಿ ಬಿಟ್ಟು ಹೋದರೂ ನಷ್ಟವಿಲ್ಲ. ಅಮೆರಿಕದ ಓಹಾಯೊ ರಾಜ್ಯದ ಡೇಟನ್ ಊರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬ ಮಹಾ ಯಂತ್ರಬುದ್ಧಿಯವನ ಪ್ರಯೋಗಾಲಯ. ಅಲ್ಲಿ ಥಾಮಸ್ ಮಿಡ್ಜ್‌ಲಿ ಎಂಬ ಯುವ ಇಂಜಿನಿಯರ್. ಹಿಮದ ನಡುವೆಯೂ ಬೇಗನೆ ಹೂಬಿಡುವ ಒಂದು ಬಳ್ಳಿಯ ಎಲೆಗಳ ಬೆನ್ನು ಕೆಂಪಗಿರುತ್ತದೆ, ಕೆಂಪು ಬಣ್ಣ ಶಾಖವನ್ನು ಚೆನ್ನಾಗಿ ಹೀರುವುದರಿಂದಲೇ ಅದು ಬೇಗ ಅರಳುತ್ತದೆ ಎಂದು ಇಬ್ಬರೂ ತರ್ಕಿಸಿದರಂತೆ. ಹಾಗಿದ್ದರೆ ಇಂಧನಕ್ಕೂ ಕೆಂಪು ಬಣ್ಣ ಹಾಕಿದರೆ ಸರಿಹೋಗಬೇಕಲ್ಲ! ಪ್ರಯೋಗಾಲಯದಲ್ಲಿ ಆ ದಿನ ಕೆಂಪು ಬಣ್ಣ ಇರಲಿಲ್ಲ, ಅಯೋಡಿನ್ ಇತ್ತು. ಅದನ್ನೇ ಬೆರೆಸಿದರು. ನಾಕಿಂಗ್ ನಿಂತೇಹೋಯಿತು. ಸಂತೋಷದಿಂದ ಊರಿನಲ್ಲಿ ಸಿಕ್ಕ ಕೆಂಪು ಬಣ್ಣಗಳನ್ನೆಲ್ಲ ತಂದು ಬೆರೆಸಿದರೆ ಒಂದೂ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ಅಯೋಡಿನ್, ಕೆಂಪಲ್ಲ. ತಪ್ಪು ತರ್ಕದ ಕೈಹಿಡಿದು ಸರಿಯಾದ ಬಾಗಿಲಿಗೆ ಹೋಗಿ ನಿಂತಿದ್ದರು.

ಅಯೋಡಿನ್ ದುಬಾರಿ, ಲೋಹವನ್ನೂ ತಿನ್ನುತ್ತಿತ್ತು. ಮುಂದೆ ಕಂಡಕಂಡದ್ದನ್ನೆಲ್ಲ ಬೆರೆಸಿ ನೋಡಿದರು. ಟೆಲ್ಲೂರಿಯಂ ಚೆನ್ನಾಗಿ ಕೆಲಸ ಮಾಡಿತು, ಆದರೆ ಅದನ್ನು ಮುಟ್ಟಿದವರ ಮೈಯೆಲ್ಲ ಬೆಳ್ಳುಳ್ಳಿ ವಾಸನೆ. ಸ್ನಾನ ಮಾಡಿದರೂ ಹೋಗದು. ಕೊನೆಗೆ 1921ರ ಡಿಸೆಂಬರಿನಲ್ಲಿ ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. ಚಿಟಿಕೆಯಷ್ಟು ಸಾಕು. 1923ರಲ್ಲಿ ಡೇಟನ್ನಿನ ಬಂಕೊಂದರಲ್ಲಿ ಅದರ ಮಾರಾಟ ಶುರುವಾಯಿತು, ‘ಈಥೈಲ್’ ಎಂಬ ಹೆಸರಿನಲ್ಲಿ, ಸಾದಾ ಪೆಟ್ರೋಲಿಗಿಂತ ಕೆಲವು ಸೆಂಟ್ ಹೆಚ್ಚಿನ ಬೆಲೆಗೆ. ‘ಸೀಸ’ ಎಂಬ ಮಾತನ್ನು ಹೆಸರಿನಲ್ಲಿ ಎಲ್ಲಿಯೂ ತರಲಿಲ್ಲ. ಮರುವರ್ಷ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಆ ಸೀಸದ ವಿಷವೇರಿ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಮಿಡ್ಜ್‌ಲಿ ಪತ್ರಕರ್ತರನ್ನು ಕರೆದು, ಏನೂ ಅಪಾಯವಿಲ್ಲವೆಂದು ತೋರಿಸಲು ಅದೇ ದ್ರವದಿಂದ ಕೈತೊಳೆದುಕೊಂಡ. ಸ್ವತಃ ಅವನೇ ಅದಕ್ಕೂ ಮುಂಚೆ ಸೀಸದ ವಿಷದಿಂದ ಕಾಯಿಲೆ ಬಿದ್ದು ವಿಶ್ರಾಂತಿ ತೆಗೆದುಕೊಂಡು ಬಂದವನು. ಆ ಸೀಸವನ್ನು ಪೆಟ್ರೋಲಿನಿಂದ ಹೊರಹಾಕಲು ಜಗತ್ತಿಗೆ ಸುಮಾರು ನೂರು ವರ್ಷ ಹಿಡಿಯಿತು. ಭಾರತದಲ್ಲಿ 2000ನೇ ಇಸವಿಯ ಫೆಬ್ರವರಿಯಿಂದ ಎಲ್ಲ ಕಡೆ ಸೀಸರಹಿತ ಪೆಟ್ರೋಲ್ ಬಂತು. ಕೊನೆಯದಾಗಿ ಬಿಟ್ಟ ದೇಶ ಅಲ್ಜೀರಿಯಾ, 2021ರಲ್ಲಿ. ‘ಅಷ್ಟೇ ತಾನೆ, ಕೆಲವು ಸೆಂಟ್’ ಎಂದು ಶುರುವಾದ ಮೊದಲ ಪ್ರೀಮಿಯಂ ಪೆಟ್ರೋಲಿನ ಬೆಲೆಯನ್ನು ಕೊನೆಗೆ ತೆತ್ತವರು ಬೀದಿಬದಿಯಲ್ಲಿ ಆಡಿಕೊಂಡಿದ್ದ ಮಕ್ಕಳು.

ತಾಳ್ಮೆಗೆ ಅಂಕ ಕೊಡುವ ಪದ್ಧತಿಯನ್ನು ತಂದವನು ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞ, 1926ರ ಸುಮಾರಿಗೆ. ತುಂಬ ತಾಳ್ಮೆಯ ಐಸೊ-ಆಕ್ಟೇನ್‌ಗೆ 100, ಸ್ವಲ್ಪವೂ ತಾಳ್ಮೆಯಿಲ್ಲದ ಹೆಪ್ಟೇನ್‌ಗೆ ಸೊನ್ನೆ. ಶುದ್ಧವಾದ ಹೆಪ್ಟೇನ್ ಅವನಿಗೆ ಸಿಕ್ಕಿದ್ದು ಕ್ಯಾಲಿಫೋರ್ನಿಯಾ ಕಡೆಯ ಜೆಫ್ರಿ ಪೈನ್ ಎಂಬ ಮರದ ಅಂಟಿನಲ್ಲಿ. 91 ಆಕ್ಟೇನ್ ಎಂದರೆ, ಪರೀಕ್ಷಾ ಇಂಜಿನ್ನಿನಲ್ಲಿ ಆ ಪೆಟ್ರೋಲು 91 ಪಾಲು ಐಸೊ-ಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ಮಿಶ್ರಣದಷ್ಟೇ ತಾಳಿಕೊಂಡಿತು ಎಂದರ್ಥ. ಅಂಕಪಟ್ಟಿಯಲ್ಲಿ ಇರುವುದು ಇಷ್ಟೇ.

ಹಾಗಾದರೆ ಹೆಚ್ಚು ಆಕ್ಟೇನಿನಿಂದ ಯಾರಿಗೂ ಲಾಭವಿಲ್ಲವೇ ಎಂದರೆ, ಇದೆ. 1940ರಲ್ಲಿ ಬ್ರಿಟನ್ನಿನ ಮೇಲೆ ಜರ್ಮನ್ ವಿಮಾನಗಳು ಮುಗಿಬಿದ್ದಾಗ ಸ್ಪಿಟ್‌ಫೈರ್‌ಗಳು 100 ಆಕ್ಟೇನಿನ ಪೆಟ್ರೋಲಿಗೆ ಬದಲಾಗಿದ್ದವು. ಆದರೆ ಬರೀ ಪೆಟ್ರೋಲ್ ಬದಲಿಸಿ ಕೈಕಟ್ಟಿ ಕೂರಲಿಲ್ಲ. ಆ ಯುದ್ಧವಿಮಾನಗಳ ಮರ್ಲಿನ್ ಇಂಜಿನ್ನಿನ ಸೂಪರ್‌ಚಾರ್ಜರ್ ತುಂಬುವ ಒತ್ತಡವನ್ನು ಚದರ ಅಂಗುಲಕ್ಕೆ 6 ಪೌಂಡಿನಿಂದ 12 ಪೌಂಡಿಗೆ ಏರಿಸಿದರು. ಹಳೆಯ ಪೆಟ್ರೋಲಾಗಿದ್ದರೆ ಆ ಒತ್ತಡಕ್ಕೆ ಇಂಜಿನ್ ನಾಕ್ ಆಗಿಯೇ ಹಾಳಾಗುತ್ತಿತ್ತು. ಸಾವಿರ ಚಿಲ್ಲರೆ ಇದ್ದ ಅಶ್ವಶಕ್ತಿ ಸಾವಿರದ ಮುನ್ನೂರರ ಆಸುಪಾಸಿಗೆ ಹೋಯಿತು. ಶಕ್ತಿ ಕೊಟ್ಟದ್ದು ಹೆಚ್ಚಿದ ಒತ್ತಡ. ಪೆಟ್ರೋಲು ಅದನ್ನು ಸಹಿಸಿಕೊಂಡಿತು.

ನಮ್ಮ ಸಾಮಾನ್ಯ ಕಾರಿನಲ್ಲಿ ಆ ಒತ್ತಡ ಏರಿಸುವವರು ಯಾರು? ಕಾರು ತಯಾರಿಸಿದವನು 91 ಆಕ್ಟೇನಿಗೆಂದೇ ಲೆಕ್ಕ ಹಾಕಿ, ಕಿಡಿ ಯಾವಾಗ ಹಾರಬೇಕೆಂದು ಇಸಿಯು ಎಂಬ ಪೆಟ್ಟಿಗೆಯಲ್ಲಿ ಬರೆದಿಟ್ಟಿರುತ್ತಾನೆ. ಇಂಜಿನ್ನಿನ ಮೈಗೆ ಒಂದು ನಾಕ್ ಸೆನ್ಸರ್ ಅಂಟಿಕೊಂಡಿರುತ್ತದೆ. ಕಟಕಟ ಕೇಳಿಸಿದರೆ ಕಿಡಿಯನ್ನು ಸ್ವಲ್ಪ ತಡಮಾಡಿಸುತ್ತದೆ. ಕೇಳಿಸದಿದ್ದರೆ ಬರೆದಿಟ್ಟ ಮಿತಿಯಲ್ಲೇ ನಡೆಸುತ್ತದೆ. ‘ಓಹೋ, ಇವತ್ತು ಯಜಮಾನರು 95 ಹಾಕಿಸಿದ್ದಾರೆ’ ಎಂದು ಹಿಗ್ಗಿ ಮಿತಿ ದಾಟಲು ಅದಕ್ಕೆ ಅಪ್ಪಣೆಯಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಚುರುಕಾಗಿದ್ದು ತುಪ್ಪ ಎರಡೇ ನಿಮಿಷಕ್ಕೆ ಬಂದುಬಿಟ್ಟರೆ, ಅರ್ಧ ಗಂಟೆ ಕಾಯಬಲ್ಲ ಮಹಾಸಹನಶೀಲನಿಗೂ ಸಾಧಾರಣ ಹಸಿವಿನವನಿಗೂ ವ್ಯತ್ಯಾಸವೇನು? ಇಬ್ಬರಿಗೂ ಅದೇ ಊಟ. ಸಹನೆಗೆಂದು ಹೆಚ್ಚುವರಿ ಹೋಳಿಗೆ ಯಾರೂ ಹಾಕುವುದಿಲ್ಲ.

ಇದನ್ನು ಅಮೆರಿಕದ ವಾಹನ ಸವಾರರ ಸಂಘ ಎಎಎ 2016ರಲ್ಲಿ ಪರೀಕ್ಷಿಸಿ ನೋಡಿತು. ಸಾದಾ ಪೆಟ್ರೋಲಿಗೆಂದೇ ಮಾಡಿದ ಕಾರುಗಳಿಗೆ ಪ್ರೀಮಿಯಂ ಹಾಕಿದರೆ ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಹೊಗೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಒಂದೇ ವರ್ಷದಲ್ಲಿ ಅಮೆರಿಕನ್ನರು ಹೀಗೆ ಬೇಕಿಲ್ಲದ ಪ್ರೀಮಿಯಂಗೆ ಸುರಿದ ಹಣ 210 ಕೋಟಿ ಡಾಲರ್ ಎಂದೂ ಅದು ಲೆಕ್ಕ ಹಾಕಿತು. ಮರುವರ್ಷ ‘ಪ್ರೀಮಿಯಂ ಹಾಕಿದರೆ ಒಳ್ಳೆಯದು, ಆದರೆ ಕಡ್ಡಾಯವಲ್ಲ’ ಎನ್ನುವ ಕಾರುಗಳನ್ನು ಹಿಡಿದು ನೋಡಿದರು. ಮೈಲೇಜು ಸರಾಸರಿ ಶೇ. 2.7ರಷ್ಟು ಹೆಚ್ಚಿತು. ಈಗ ಎದುರು ಮನೆಯವರ ಡೈರಿ ತೆರೆಯೋಣ. ಬೆಂಗಳೂರಿನಲ್ಲಿ ನೂರು ದಾಟಿದ ಪೆಟ್ರೋಲಿನ ಮೇಲೆ ಏಳು ರೂಪಾಯಿ ಹೆಚ್ಚು ಕೊಟ್ಟರೆ, ಅಸಲು ಹುಟ್ಟಲು ಮೈಲೇಜು ಶೇ. 7ರ ಹತ್ತಿರ ಏರಬೇಕು. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಮಥುರಾ ಸಂಸ್ಕರಣಾಗಾರದಿಂದ 100 ಆಕ್ಟೇನಿನ ಪೆಟ್ರೋಲು ತಂದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ. ಈಗಿನ ನೂರು ರೂಪಾಯಿ ದಾಟಿದ ಸಾದಾ ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಆ ಬೆಲೆಗೆ ನ್ಯಾಯ ಒದಗಿಸಬೇಕಾದರೆ 23 ದಾಟಬೇಕು. ಇಳಿಜಾರಿನಲ್ಲಿ ತಳ್ಳಿಬಿಟ್ಟರೂ ಕಷ್ಟವೇ.

ಬೆಂಗಳೂರಿನವರಿಗೆ ಇನ್ನೊಂದು ವಿಶೇಷವಿದೆ. ನಮ್ಮ ಊರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಗಾಳಿ ಮಂಗಳೂರಿಗಿಂತ ತೆಳು. ಟರ್ಬೊ ಇಲ್ಲದ ಇಂಜಿನ್ ಪ್ರತಿ ಸಲ ಒಳಗೆಳೆದುಕೊಳ್ಳುವ ಗಾಳಿಯೇ ಕಡಿಮೆ, ಆದ್ದರಿಂದ ಒತ್ತಡವೂ ಕಡಿಮೆ, ನಾಕ್ ಆಗುವ ಭಯವೂ ಕಡಿಮೆ. ಅಮೆರಿಕದ ಬೆಟ್ಟದ ರಾಜ್ಯಗಳಲ್ಲಿ ಇದೇ ಕಾರಣಕ್ಕೆ ಬೇರೆ ಕಡೆಗಿಂತ ಕಡಿಮೆ ಆಕ್ಟೇನಿನ ಸಾದಾ ಪೆಟ್ರೋಲ್ ಮಾರುವ ರೂಢಿ ಬಹುಕಾಲದಿಂದ ಇದೆ. ಅಂದರೆ ಹೆಚ್ಚು ಆಕ್ಟೇನಿನ ಅಗತ್ಯ ಪಣಂಬೂರಿನ ಕಾರಿಗಿಂತ ಜಯನಗರದ ಕಾರಿಗೆ ಒಂದು ಗುಂಜಿ ಕಡಿಮೆ. ಆದರೆ ಪ್ರೀಮಿಯಂ ಪಂಪಿನ ಮುಂದೆ ನಿಲ್ಲುವ ಉತ್ಸಾಹದಲ್ಲಿ ಜಯನಗರದವರು ಹಿಂದೆ ಬಿದ್ದಂತೆ ಕಾಣುವುದಿಲ್ಲ.

ಇದರ ನಡುವೆ ಎಥನಾಲ್ ಬಂತು. ಈಗ ದೇಶದ ಬಂಕುಗಳಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲು. ನಮ್ಮ ಕಬ್ಬು, ಮೆಕ್ಕೆಜೋಳಗಳ ಪಾಲೂ ಅದರಲ್ಲಿದೆ. ಎಥನಾಲ್‌ನ ತಾಳ್ಮೆ ದೊಡ್ಡದು, ಅದರ ಆಕ್ಟೇನ್ 108 ದಾಟುತ್ತದೆ. ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿದ ಪ್ರಕಾರ, ಹಿಂದೆ 88 ಇದ್ದ ನಮ್ಮ ಸಾದಾ ಪೆಟ್ರೋಲಿನ ಆಕ್ಟೇನ್ ಬಿಎಸ್-6 ಬಂದಾಗ 91 ಆಯಿತು, ಇ20 ಬಂದ ಮೇಲೆ 95. ಹೀಗಿರುವಾಗ ಬರೀ 95ರ ಹೆಸರಿಗೆ ಹೆಚ್ಚು ಕೊಡುವುದು ಏಕೆಂದು ನೀವೇ ಯೋಚಿಸಿ. ಎಥನಾಲ್‌ನಲ್ಲಿ ಶಾಖ ಮಾತ್ರ ಪೆಟ್ರೋಲಿಗಿಂತ ಲೀಟರಿಗೆ ಮೂರನೆಯ ಒಂದು ಭಾಗದಷ್ಟು ಕಮ್ಮಿ. ತಾಳ್ಮೆ ಹೆಚ್ಚಾದರೆ ಬಲ ಹೆಚ್ಚಲೇಬೇಕೆಂದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನೀತಿ ಆಯೋಗದ 2021ರ ವರದಿಯೇ ಹಳೆಯ ಕಾರುಗಳ ಮೈಲೇಜು ಇ20ಯಿಂದ ಶೇ. 6-7ರಷ್ಟು ಇಳಿಯಬಹುದು ಎಂದಿತ್ತು. ಹಳೆ ಕಾರಿನವರು ಎಥನಾಲ್‌ಗೆ ಹೆದರಿ ಪ್ರೀಮಿಯಂ ಕಡೆ ಓಡುವುದನ್ನು ನೋಡಿದ್ದೇನೆ. ಪ್ರೀಮಿಯಂ ಎಂಬ ಫಲಕ ಎಥನಾಲ್ ಇಲ್ಲವೆಂಬುದಕ್ಕೆ ಖಾತರಿಯಲ್ಲ, ಕೇಳಿ ತಿಳಿದುಕೊಳ್ಳುವುದು ಮೇಲು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಹೆಚ್ಚಿನ ಪ್ರೀಮಿಯಂಗಳಲ್ಲಿ ಆಕ್ಟೇನಿನ ಜೊತೆಗೆ ಇಂಜೆಕ್ಟರು, ವಾಲ್ವುಗಳಿಗೆ ಕಟ್ಟುವ ಮಸಿ ತೊಳೆಯುವ ರಾಸಾಯನಿಕಗಳೂ ಇರುತ್ತವೆ. ಅವು ಕೆಲಸ ಮಾಡುತ್ತವೆ. ಅವುಗಳಿಗೂ ಆಕ್ಟೇನಿಗೂ ಸಂಬಂಧವಿಲ್ಲ, ಬೇರೆ ಬೇರೆ ಪದಾರ್ಥ, ಒಂದೇ ಪೈಪಿನಲ್ಲಿ ಬರುತ್ತವೆ ಅಷ್ಟೇ. ಸಿಲಿಂಡರಿನೊಳಕ್ಕೇ ನೇರವಾಗಿ ಪೆಟ್ರೋಲ್ ಚಿಮ್ಮುವ ಹೊಸ ಇಂಜಿನ್‌ಗಳಲ್ಲಿ ಗಾಳಿ ಬರುವ ವಾಲ್ವಿಗೆ ಪೆಟ್ರೋಲು ತಾಗುವುದೇ ಇಲ್ಲವಾದ್ದರಿಂದ ಅಲ್ಲಿನ ಮಸಿಯನ್ನು ಯಾವ ಪ್ರೀಮಿಯಂ ಕೂಡ ತೊಳೆಯಲಾರದು. ನಮ್ಮ ಬೀದಿಯ ಮೆಕ್ಯಾನಿಕ್ಕಿಗೆ ಇದನ್ನೆಲ್ಲ ವಿವರಿಸಲು ಹೋದೆ. ಅವನು ಡಿಪ್‌ಸ್ಟಿಕ್ ಎಳೆದು, ಬಟ್ಟೆಗೆ ಒರೆಸಿ, ಡಾಂಬರಿನಂತಿದ್ದ ಆಯಿಲನ್ನು ನನ್ನ ಮೂಗಿನ ಹತ್ತಿರ ಹಿಡಿದು, “ಮೊದ್ಲು ಇದ್ ಚೇಂಜ್ ಮಾಡ್ಸಿ ಸಾರ್, ಆಮೇಲೆ ಆಕ್ಟೇನ್ ಮಾತಾಡಣ” ಅಂದ.

ನಿಮ್ಮದು ಹೆಚ್ಚು ಒತ್ತಡದ ಟರ್ಬೊ ಕಾರೋ ರೇಸಿನ ಜಾತಿಯ ಬೈಕೋ ಆಗಿದ್ದು, ತಯಾರಕರೇ 95 ಅಥವಾ ಅದಕ್ಕಿಂತ ಹೆಚ್ಚು ಬೇಕೆಂದು ಬರೆದಿದ್ದರೆ ಕಂಜೂಸುತನ ಬೇಡ. ಕಡಿಮೆ ಹಾಕಿದರೆ ನಾಕ್ ಸೆನ್ಸರ್ ಕಿಡಿಯನ್ನು ತಡಮಾಡಿಸುತ್ತ ಹೋಗಿ ಶಕ್ತಿಯೂ ಮೈಲೇಜೂ ಇಳಿಯುತ್ತವೆ. ಉಳಿದವರು ಒಂದು ಕೆಲಸ ಮಾಡಿ. ಪೆಟ್ರೋಲ್ ಮುಚ್ಚಳದ ಒಳಬದಿಯ ಚೀಟಿಯನ್ನು ಓದಿ. ಅಲ್ಲಿ ಇಲ್ಲದಿದ್ದರೆ ಗ್ಲೋವ್ ಬಾಕ್ಸಿನಲ್ಲಿ, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಇಟ್ಟಿರುವ ಮ್ಯಾನ್ಯುಯಲ್‌ನಲ್ಲಿ ಖಂಡಿತ ಇರುತ್ತದೆ. 91 ಎಂದಿದ್ದರೆ ಸಾದಾ ಪೆಟ್ರೋಲನ್ನು ಗಟ್ಟಿ ದನಿಯಲ್ಲೇ ಕೇಳಿ ಹಾಕಿಸಿಕೊಳ್ಳಿ, ಹಿಂದಿನ ಸೀಟಿನಲ್ಲಿ ಮಾವನವರಿದ್ದರೂ ಸರಿಯೇ. ಉಳಿದ ದುಡ್ಡಿನಲ್ಲಿ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಬಂಕಿನಿಂದ ಹೊರಡುವ ಮುಂಚೆ ನಾಲ್ಕೂ ಚಕ್ರದ ಗಾಳಿ ನೋಡಿಸಿಕೊಳ್ಳಿ. ಅದನ್ನು ಅವರು ಉಚಿತವಾಗಿಯೇ ಕೊಡಬೇಕು.